ಯಾವ ಸ್ಟೇಜ್ ಆರಿಸಬೇಕು? ಮೊದಲು ಅಂಚು ನೋಡಿ

ಎದುರಾಳಿಯನ್ನು ಹೊಡೆದು ಪರದೆಯಾಚೆ ಹಾರಿಸುವ ವಿಡಿಯೋ ಗೇಮ್ ಸರಣಿ ಸ್ಮ್ಯಾಶ್ ಬ್ರದರ್ಸ್ ಆಡುವವರಲ್ಲಿ ಹೆಚ್ಚಿನವರು ಸ್ಟೇಜ್ (ಕಾದಾಡುವ ಅಖಾಡ) ಆರಿಸುವಾಗ ಪ್ಲಾಟ್‌ಫಾರ್ಮ್ (ನೆಲದ ಮೇಲೆ ತೇಲುವ ಹಲಗೆಗಳು) ಎಣಿಸುತ್ತಾರೆ. ಮೂರಿದ್ದರೆ ಇಂಥ ಕ್ಯಾರೆಕ್ಟರ್‌ಗೆ ಒಳ್ಳೆಯದು, ಒಂದೂ ಇಲ್ಲದಿದ್ದರೆ ಅಂಥವರಿಗೆ ಒಳ್ಳೆಯದು ಅಂತ ಲೆಕ್ಕ ಹಾಕಿ ಬಟನ್ ಒತ್ತಿಬಿಡುತ್ತಾರೆ. ಆ ಲೆಕ್ಕ ಬೇಕು, ಆದರೆ ಸಾಲದು. ಈ ಆಟದಲ್ಲಿ ಏಟು ತಿಂದ ಮಾತ್ರಕ್ಕೆ ಯಾರೂ ಸಾಯುವುದಿಲ್ಲ. ತಿಂದ ಏಟಿನ ಲೆಕ್ಕವಾದ ಶೇಕಡಾ ಏರುತ್ತಾ ಹೋಗುತ್ತದೆ, ಏರಿದಷ್ಟೂ ದೂರ ಹಾರುತ್ತೀರಿ, ಪರದೆಯಾಚೆಯ ಬ್ಲಾಸ್ಟ್ ಝೋನ್ ದಾಟಿದರೆ ಒಂದು ಸ್ಟಾಕ್, ಅಂದರೆ ಒಂದು ಜೀವ, ಹೋಯಿತು. ದಾಟದೆ ಉಳಿದರೆ ವಾಪಸ್ ಬರಬೇಕು. ಬರುವ ದಾರಿ ಬಹಳಷ್ಟು ಸಲ ಲೆಡ್ಜ್ (ಹಿಡಿದು ನೇತಾಡಬಹುದಾದ ಸ್ಟೇಜಿನ ಅಂಚು) ಮೂಲಕವೇ. ಒಂದೊಂದು ಸ್ಟಾಕಿನ ಕೊನೆಯ ಕೆಲವು ಸೆಕೆಂಡುಗಳು ಆ ಅಂಚಿನ ಸುತ್ತಲೇ ನಡೆಯುತ್ತವೆ.

ಅದಕ್ಕೇ ಸ್ಟೇಜ್ ಆರಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ ಅಂತ ನಾನು ಹೇಳುವುದು: ಈ ಪಂದ್ಯದಲ್ಲಿ ಲೆಡ್ಜ್‌ಗೆ ಜಾಸ್ತಿ ಹೊತ್ತು ಜೋತುಬೀಳುವವರು ಯಾರು, ಮೇಲೆ ನಿಂತು ಕಾಯುವವರು ಯಾರು? ನಿಮ್ಮದು ಲಿಟಲ್ ಮ್ಯಾಕ್ ಆಗಿದ್ದರೆ ಉತ್ತರ ಒಂದು, ಸೇಮಸ್ ಆಗಿದ್ದರೆ ಇನ್ನೊಂದು. ಎದುರಾಳಿ ಬದಲಾದರೆ ಉತ್ತರವೂ ಬದಲಾಗುತ್ತದೆ. ಕಾಯುವವರಿಗೆ ಒಂದು ಬಗೆಯ ಅಂಚು ಬೇಕು, ಹತ್ತಿ ಬರುವವರಿಗೆ ಬೇರೆಯದೇ ಬೇಕು. ಪ್ಲಾಟ್‌ಫಾರ್ಮ್ ಎಷ್ಟಿವೆ ಅನ್ನುವುದು ಈ ಪ್ರಶ್ನೆಯ ನಂತರ ಬರಲಿ.

ಆಟ ಯಾವುದು ಅನ್ನುವುದರಿಂದ ಶುರು ಮಾಡೋಣ

ಲೆಡ್ಜ್ ನಿಯಮ ಎಲ್ಲ ಆಟಗಳಲ್ಲೂ ಒಂದೇ ಅಲ್ಲ. ಒಂದು ಆಟದಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಹೊತ್ತುಕೊಂಡು ಹೋದರೆ ಸುಮ್ನೆ ಸ್ಟಾಕ್ ಕಳೆದುಕೊಳ್ಳುತ್ತೀರಿ.

ಸರಣಿಯ 2001ರ ಆಟ ಮೆಲೀಯಲ್ಲಿ ಒಂದು ಲೆಡ್ಜ್‌ನಲ್ಲಿ ಒಬ್ಬರಿಗೆ ಮಾತ್ರ ಜಾಗ. ನೀವು ಮೊದಲು ಹಿಡಿದರೆ ಎದುರಾಳಿಗೆ ಹಿಡಿಯಲು ಏನೂ ಇಲ್ಲ. ಅವರು ಅಪ್ ಸ್ಪೆಷಲ್ (ಮೇಲಕ್ಕೆ ಏರಿಸುವ ವಿಶೇಷ ಚಲನೆ) ಬಳಸಿ ಮೇಲೆ ಬಂದರು, ಲೆಡ್ಜ್ ಖಾಲಿ ಇಲ್ಲ, ಕೈಗೆ ಏನೂ ಸಿಗದೆ ಕೆಳಗೆ ಬಿದ್ದು ಸತ್ತರು. ಇದೇ ಎಡ್ಜ್ ಹಾಗ್. 1999ರ ಮೊದಲ ಆಟದಲ್ಲೂ ಹೀಗೇ ಇತ್ತು. ನೋಡಲು ಕ್ರೂರ ಅನಿಸುತ್ತದೆ, ಆದರೆ ಅದರಲ್ಲಿ ಒಂದು ಸ್ಪಷ್ಟತೆ ಇದೆ: ಅಂಚು ಒಂದು ಆಸ್ತಿ, ಮೊದಲು ತಲುಪಿದವರದ್ದು. ಹಾಗಾಗಿ ಮೆಲೀಯಲ್ಲಿ ಯಾರಾದರೂ ಹೊರಗೆ ಹಾರಿದ ಕೂಡಲೇ ಇಬ್ಬರೂ ಲೆಡ್ಜ್ ಕಡೆಗೇ ಓಡುತ್ತಾರೆ.

2008ರ ಬ್ರಾಲ್‌ನಲ್ಲಿ ಹಾಗ್ ಉಳಿಯಿತು, ಜೊತೆಗೆ ಲೆಡ್ಜ್ ಹಿಡಿಯುವುದು ತುಂಬಾ ಸುಲಭವಾಯಿತು. ಪರಿಣಾಮ ಪ್ಲ್ಯಾಂಕಿಂಗ್. ಮೆಟಾ ನೈಟ್ ಎಂಬ ಕ್ಯಾರೆಕ್ಟರ್ ಲೆಡ್ಜ್ ಬಿಡುವುದು, ಹೊಡೆಯುವುದು, ಮತ್ತೆ ಹಿಡಿಯುವುದು, ಟೈಮ್ ಮುಗಿಯುವವರೆಗೂ ಇದೇ. ಕೊನೆಗೆ ಟೂರ್ನಮೆಂಟ್ ನಡೆಸುವವರು ಒಂದು ಪಂದ್ಯದಲ್ಲಿ ಎಷ್ಟು ಸಲ ಲೆಡ್ಜ್ ಹಿಡಿಯಬಹುದು ಅನ್ನುವುದಕ್ಕೇ ಮಿತಿ ಹಾಕಬೇಕಾಯಿತು. ಆಟದೊಳಗೆ ಇರಬೇಕಾದ ನಿಯಮವನ್ನು ಹೊರಗಿನಿಂದ ಹೇರಬೇಕಾಗಿ ಬಂದರೆ ವಿನ್ಯಾಸದಲ್ಲೇ ಏನೋ ಕೊರತೆ ಇದೆ ಅಂತಲೇ ಅರ್ಥ.

2014ರ ಆಟದಲ್ಲಿ ಇದನ್ನು ಬುಡದಿಂದಲೇ ಬದಲಾಯಿಸಿದರು. ಯಾರೋ ಹಿಡಿದಿರುವ ಲೆಡ್ಜ್ ಅನ್ನು ನೀವೂ ಹಿಡಿಯಬಹುದು. ಆಗ ಮೊದಲಿದ್ದವರು ಹೊರಗೆ ತಳ್ಳಲ್ಪಡುತ್ತಾರೆ. ಇದು ಲೆಡ್ಜ್ ಟ್ರಂಪ್. ತಳ್ಳಲ್ಪಟ್ಟವರು ಗಾಳಿಯಲ್ಲಿ ಒಂದು ಕ್ಷಣ ಏನೂ ಮಾಡಲಾಗದೆ ಇರುತ್ತಾರೆ, ಆ ಕ್ಷಣಕ್ಕೆ ಬ್ಯಾಕ್ ಏರ್ (ಗಾಳಿಯಲ್ಲಿ ಹಿಂದಕ್ಕೆ ಬೀಸುವ ಏಟು) ಕೂರಿಸಿದರೆ ಕಥೆ ಮುಗಿಯಿತು. ನೆಲ ಮುಟ್ಟದೆ ಎರಡನೇ ಸಲ ಹಿಡಿದರೆ, ಮೊದಲ ಸಲ ಹಿಡಿದಾಗ ಸಿಕ್ಕ ಏಟು ತಾಗದ ರಕ್ಷಣೆ ಸಿಗುವುದಿಲ್ಲ. 2018ರ ಅಲ್ಟಿಮೇಟ್ ಇದನ್ನೇ ಮುಂದುವರಿಸಿತು. ನೆಲ ಮುಟ್ಟದೆ, ಏಟೂ ತಿನ್ನದೆ ಆರು ಸಲಕ್ಕಿಂತ ಹೆಚ್ಚು ಲೆಡ್ಜ್ ಹಿಡಿಯಲಾಗದಂತೆ ಆಟದೊಳಗೇ ಬೀಗ ಹಾಕಿತು. ಪ್ಲ್ಯಾಂಕಿಂಗ್ ಸಮಸ್ಯೆ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

ಇನ್ನೊಂದು ದಾರಿಯೂ ಇದೆ: ಲೆಡ್ಜ್ ಅನ್ನೇ ತೆಗೆದುಹಾಕುವುದು. 2017ರಲ್ಲಿ ಪೂರ್ಣವಾಗಿ ಬಂದ, ಇದೇ ಬಗೆಯ ಬೇರೊಂದು ಆಟವಾದ ರೈವಲ್ಸ್ ಆಫ್ ಈಥರ್‌ನಲ್ಲಿ ಹಿಡಿಯಲು ಲೆಡ್ಜ್ ಇಲ್ಲ, ಏಟು ತಡೆಯುವ ಶೀಲ್ಡ್ ಇಲ್ಲ, ಎದುರಾಳಿಯನ್ನು ಹಿಡಿದು ಎಸೆಯುವ ಗ್ರ್ಯಾಬ್ ಕೂಡ ಇಲ್ಲ. ಬದಲಿಗೆ ಎಲ್ಲ ಕ್ಯಾರೆಕ್ಟರ್‌ಗೂ ಗೋಡೆಗೆ ಒದ್ದು ಜಿಗಿಯುವ ಶಕ್ತಿ ಕೊಟ್ಟಿದ್ದಾರೆ. ಬ್ರಾಲ್‌ಹಲ್ಲಾದಲ್ಲೂ ಸ್ಟೇಜಿನ ಪಕ್ಕದ ಗೋಡೆಗೆ ಅಂಟಿಕೊಂಡು ಮೇಲೆ ಬರುವುದೇ ದಾರಿ. ಇಂಥ ಆಟಗಳಲ್ಲಿ ಹೊರಗೆ ಹೋಗಿ ಬೆನ್ನಟ್ಟುವ ಧೈರ್ಯ ಜಾಸ್ತಿ ಬೇಕು, ಯಾಕೆಂದರೆ ಮೇಲೆ ನಿಂತು ಒಂದೇ ಜಾಗವನ್ನು ಕಾಯುವ ಹಾಗಿಲ್ಲ. ಕುತೂಹಲದ ವಿಷಯ ಏನೆಂದರೆ 2024ರ ರೈವಲ್ಸ್ 2ರಲ್ಲಿ ಲೆಡ್ಜ್, ಶೀಲ್ಡ್, ಗ್ರ್ಯಾಬ್ ಮೂರನ್ನೂ ತಂದರು.

ಯಾವ ಆಟ ಕಲಿಯಬೇಕು ಅಂತ ಯೋಚಿಸುತ್ತಿದ್ದರೆ ಹೀಗೆ ನೋಡಿ. ವೇಗ, ನಿಖರತೆ, ಒಂದೇ ತಪ್ಪಿಗೆ ಒಂದು ಸ್ಟಾಕ್ ಅನ್ನುವ ಕಟ್ಟುನಿಟ್ಟು ಇಷ್ಟವಾದರೆ ಮೆಲೀ. ಎದುರಾಳಿಯ ಮನಸ್ಸು ಓದುವ ಆಟ ಇಷ್ಟವಾದರೆ ಅಲ್ಟಿಮೇಟ್. ಅಂಚಿನಾಚೆ ಗಾಳಿಯಲ್ಲೇ ಜಗಳ ಮುಗಿಸಬೇಕು ಅನ್ನುವವರಿಗೆ ಮೊದಲ ರೈವಲ್ಸ್. ನನಗೆ ಅಲ್ಟಿಮೇಟ್‌ನ ಲೆಡ್ಜ್ ಆಟವೇ ಹೆಚ್ಚು ಪ್ರಿಯ, ಆದ್ದರಿಂದ ಮುಂದಿನ ಹೆಚ್ಚಿನ ಮಾತು ಅದರದ್ದೇ.

ಅಂಚಿನಲ್ಲಿ ನಿಜವಾಗಿ ಏನಾಗುತ್ತದೆ

ಒಂದು ಸನ್ನಿವೇಶ ಹತ್ತಿರದಿಂದ ನೋಡೋಣ. ಅಲ್ಟಿಮೇಟ್, ಮೂರು ಪ್ಲಾಟ್‌ಫಾರ್ಮ್ ಇರುವ ಬ್ಯಾಟಲ್‌ಫೀಲ್ಡ್. ನಿಮ್ಮದು 110 ಶೇಕಡಾ. ಕೆಳಗಿನಿಂದ ಬಂದು ಲೆಡ್ಜ್ ಹಿಡಿದಿದ್ದೀರಿ. ಎದುರಾಳಿ ಮೇಲೆ, ಒಂದು ರೋಲ್ (ಉರುಳಿ ಸರಿಯುವ ಚಲನೆ) ದೂರದಲ್ಲಿ ನಿಂತಿದ್ದಾರೆ.

ಹಿಡಿಯುವ ಹೊತ್ತಿಗೇ ಒಂದು ಅಪಾಯ ದಾಟಿದ್ದೀರಿ. ಲೆಡ್ಜ್ ಹಿಡಿಯುವ ಗಳಿಗೆಯಲ್ಲಿ 2 ಫ್ರೇಮ್ ನಿಮಗೆ ರಕ್ಷಣೆ ಇರುವುದಿಲ್ಲ. ಸೆಕೆಂಡಿಗೆ 60 ಫ್ರೇಮ್ ಇರುವ ಆಟದಲ್ಲಿ ಇದು ಸೆಕೆಂಡಿನ ಮೂವತ್ತರಲ್ಲೊಂದು ಭಾಗ. ಅಂಚಿನಿಂದ ಕೆಳಕ್ಕೆ ಬಾಗುವ ಡೌನ್ ಟಿಲ್ಟೋ, ಹೊತ್ತು ನಿಲ್ಲುವ ಸ್ಮ್ಯಾಶ್ ಏಟೋ ಸರಿಯಾದ ಗಳಿಗೆಗೆ ಬಿದ್ದರೆ ಅಷ್ಟರಲ್ಲೇ ಸಾಯಬಹುದು. ಟೂ ಫ್ರೇಮ್ ಮಾಡಿದರು ಅಂತ ಆಟಗಾರರು ಹೇಳುವುದು ಇದನ್ನೇ.

ಹಿಡಿದ ಮೇಲೆ ಸ್ವಲ್ಪ ಹೊತ್ತು ನಿಮ್ಮನ್ನು ಯಾರೂ ಮುಟ್ಟಲಾಗದು. ಆ ಹೊತ್ತು ಎಷ್ಟು ಅನ್ನುವುದು ನೀವು ಎಷ್ಟು ಹೊತ್ತು ಗಾಳಿಯಲ್ಲಿದ್ದಿರಿ, ನಿಮ್ಮ ಶೇಕಡಾ ಎಷ್ಟು ಅನ್ನುವುದರ ಮೇಲೆ ನಿಂತಿದೆ. ಗಾಳಿಯಲ್ಲಿ ಹೆಚ್ಚು ಹೊತ್ತು ಇದ್ದರೆ ರಕ್ಷಣೆ ಜಾಸ್ತಿ, ಶೇಕಡಾ ಹೆಚ್ಚಾದರೆ ಕಡಿಮೆ. ಅಂದರೆ ನಿಮಗೆ ತೀರಾ ಬೇಕಾದಾಗಲೇ ಅದು ಸಣ್ಣದಾಗುತ್ತದೆ.

ಈಗ ದಾರಿಗಳು. ಸುಮ್ಮನೆ ಎದ್ದು ನಿಲ್ಲುವ ಗೆಟಪ್ ಎಲ್ಲಕ್ಕಿಂತ ಸಣ್ಣ ಚಲನೆ. ಮುಗಿದ ಕೂಡಲೇ ಶೀಲ್ಡ್ ಹಾಕಬಹುದು, ಆದರೆ ಅಂಚಿನಲ್ಲೇ ಉಳಿಯುತ್ತೀರಿ, ಎದುರಾಳಿ ಗ್ರ್ಯಾಬ್ ಮಾಡಿದರೆ ಮತ್ತೆ ಹೊರಗೆ. ರೋಲ್ ಮಾಡಿದರೆ ಒಳಗೆ ಹೋಗುತ್ತೀರಿ, ಆದರೆ ರೋಲ್ ಎಲ್ಲಿ ಮುಗಿಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಎದುರಾಳಿ ಅಲ್ಲೇ ನಿಂತು ಸ್ಮ್ಯಾಶ್ ಚಾರ್ಜ್ ಮಾಡಿದರೆ ನೀವೇ ಬಂದು ಅದರೊಳಗೆ ಬೀಳುತ್ತೀರಿ. ಗೆಟಪ್ ಅಟ್ಯಾಕ್ ಹತ್ತಿರ ನಿಂತವರನ್ನು ತಳ್ಳುತ್ತದೆ. ಅವರು ಶೀಲ್ಡ್ ಹಾಕಿದ್ದರೆ ಮಾತ್ರ ಬೆಲೆ ತೆರಬೇಕು. ಲೆಡ್ಜ್ ಜಂಪ್ ನಿಮ್ಮನ್ನು ನೇರ ಮೇಲೆತ್ತುತ್ತದೆ, ಶುರುವಿಗೆ ರಕ್ಷಣೆ ಇದೆ, ನಂತರ ಗಾಳಿಯಲ್ಲಿ ಬರಿಗೈ. ಐದನೆಯದು ಲೆಡ್ಜ್ ಬಿಟ್ಟು, ಡಬಲ್ ಜಂಪ್ ಮಾಡಿ, ಮೇಲೆ ಬರುತ್ತಾ ಹೊಡೆಯುವುದು. ಇದರಲ್ಲಿ ಜಂಪ್ ಖರ್ಚಾಗುತ್ತದೆ, ತಪ್ಪಿದರೆ ಕೆಳಗೆ ಬಿದ್ದಾಗ ಕೈಯಲ್ಲಿ ಉಳಿಯುವುದು ಅಪ್ ಸ್ಪೆಷಲ್ ಒಂದೇ. ಆರನೆಯದು ಏನೂ ಮಾಡದೆ ನೇತಾಡುವುದು. ಇದನ್ನು ಬಹಳ ಜನ ಮರೆಯುತ್ತಾರೆ. ಎದುರಾಳಿ ಆತುರಪಟ್ಟು ಏಟು ಬೀಸಿದರೆ ಅದು ಮುಗಿಯುವ ಹೊತ್ತಿಗೆ ನೀವು ಎದ್ದು ಬರಬಹುದು.

ಈಗ ಗಮನಿಸಬೇಕಾದ ಸಂಗತಿ. ಬ್ಯಾಟಲ್‌ಫೀಲ್ಡ್‌ನಲ್ಲಿ ಲೆಡ್ಜ್ ಜಂಪ್ ಮಾಡಿದರೆ ತಲೆಯ ಮೇಲೆ, ಸ್ವಲ್ಪ ಒಳಗೆ, ಒಂದು ಪ್ಲಾಟ್‌ಫಾರ್ಮ್ ಇದೆ. ಅದರ ಮೇಲೆ ಇಳಿದರೆ ಕಾಯುತ್ತಿರುವವರ ತಲೆ ಮೇಲಿಂದಲೇ ದಾಟಿಹೋಗಬಹುದು. ಎದುರಾಳಿ ಈಗ ನೆಲವನ್ನೂ ಪ್ಲಾಟ್‌ಫಾರ್ಮನ್ನೂ ಎರಡನ್ನೂ ಕಾಯಬೇಕು. ಅದೇ ಆರು ದಾರಿಗಳನ್ನು ಪ್ಲಾಟ್‌ಫಾರ್ಮೇ ಇಲ್ಲದ ಫೈನಲ್ ಡೆಸ್ಟಿನೇಶನ್‌ನಲ್ಲಿ ಊಹಿಸಿಕೊಳ್ಳಿ. ಲೆಡ್ಜ್ ಜಂಪ್ ಮಾಡಿದ ಮೇಲೆ ಇಳಿಯುವುದು ಎಲ್ಲಿ? ನೆಲಕ್ಕೇ. ಕಾಯುವವರು ಕೆಳಗೆ ನಿಂತು, ಜಿಗಿದು ಮೇಲಕ್ಕೆ ಹೊಡೆಯುವ ಅಪ್ ಏರ್‌ಗೆ ತಯಾರಾದರೆ ಸಾಕು. ನೇತಾಡುವವರ ಮೆನುವಿನಲ್ಲಿ ಒಂದು ಐಟಂ ಹೆಚ್ಚುಕಡಿಮೆ ಅಳಿಸಿಹೋಯಿತು.

ನಾನು ಅಂಚು ಅಂಚು ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೇ. ಗುಂಡಿಗಳು ಅವೇ, ನಿಯಮ ಅದೇ, ಆದರೆ ಪ್ಲಾಟ್‌ಫಾರ್ಮ್ ಅಂಚಿನಿಂದ ಎಷ್ಟು ದೂರದಲ್ಲಿದೆ ಅನ್ನುವುದು ಒಬ್ಬರ ಬದುಕುವ ಸಾಧ್ಯತೆಯನ್ನೇ ಬದಲಿಸುತ್ತದೆ.

ಅಲ್ಟಿಮೇಟ್‌ನ ಸ್ಟೇಜ್‌ಗಳು: ಒಂದರ ಪಕ್ಕ ಒಂದು

ಟೂರ್ನಮೆಂಟ್ ಪಟ್ಟಿಗಳು ಜಾಗದಿಂದ ಜಾಗಕ್ಕೆ ಸ್ವಲ್ಪ ಬದಲಾಗುತ್ತವೆ. ಮೇಲಿಂದ ಮೇಲೆ ಎದುರಾಗುವ ಸ್ಟೇಜ್‌ಗಳನ್ನಷ್ಟೇ ತೆಗೆದುಕೊಳ್ಳುತ್ತೇನೆ. ಎಲ್ಲವೂ ಹಜಾರ್ಡ್ (ಸ್ಟೇಜ್ ತಾನೇ ಒಡ್ಡುವ ಅಡ್ಡಿಗಳು) ಆಫ್ ಮಾಡಿದ ಲೆಕ್ಕದಲ್ಲಿ.

ಫೈನಲ್ ಡೆಸ್ಟಿನೇಶನ್ ಕಾಯುವವರ ಸ್ವರ್ಗ. ನಿಮ್ಮ ಕೈಯಲ್ಲಿ ಒಳ್ಳೆಯ ಪ್ರೊಜೆಕ್ಟೈಲ್ (ದೂರದಿಂದ ಎಸೆಯುವ ಅಸ್ತ್ರ) ಇದ್ದರೆ, ಅಂದರೆ ಸೇಮಸ್, ಸೈಮನ್, ರಿಕ್ಟರ್ ಇಂಥವರಾದರೆ, ಲೆಡ್ಜ್‌ನಲ್ಲಿ ನೇತಾಡುವವರಿಗೆ ಉಸಿರಾಡಲು ಬಿಡಬೇಕಿಲ್ಲ. ಲಿಟಲ್ ಮ್ಯಾಕ್‌ಗೂ ಇದೇ ಇಷ್ಟ, ಅವನ ಬಲವೆಲ್ಲ ನೆಲದ ಮೇಲೆ. ಆದರೆ ಒಂದು ಮಾತು ನೆನಪಿರಲಿ: ನೀವೇ ಹೊರಗೆ ಹಾರಿದಾಗ ಈ ಬಯಲು ನಿಮಗೂ ಅಷ್ಟೇ ನಿರ್ದಯಿ. ಮ್ಯಾಕ್‌ನ ರಿಕವರಿ (ಹೊರಗಿನಿಂದ ವಾಪಸ್ ಬರುವ ಸಾಮರ್ಥ್ಯ) ಎಷ್ಟು ದುರ್ಬಲ ಅಂತ ಆಡಿದವರಿಗೆ ಗೊತ್ತು. ಅವನೊಡನೆ ಇಲ್ಲಿಗೆ ಬರುವುದು ಅಂದರೆ ಮೊದಲ ಏಟು ನನ್ನದೇ ಆಗಿರುತ್ತದೆ ಅನ್ನುವ ನಂಬಿಕೆಯ ಮೇಲೆ ಬಾಜಿ ಕಟ್ಟಿದಂತೆ.

ಬ್ಯಾಟಲ್‌ಫೀಲ್ಡ್ ನೇತಾಡುವವರಿಗೆ ಹೆಚ್ಚು ಕರುಣೆ ತೋರಿಸುತ್ತದೆ. ಮೇಲೆ ಹೇಳಿದ ಕಾರಣ ಒಂದು. ಇನ್ನೊಂದು, ಲೆಡ್ಜ್ ಬಿಟ್ಟು ನೇರ ಎತ್ತರದಿಂದ ವಾಪಸ್ ಬರುವವರಿಗೂ ಇಳಿಯಲು ಮೂರು ಹಂತಗಳಿವೆ. ಆದರೆ ಪ್ಲಾಟ್‌ಫಾರ್ಮ್ ಮೇಲೆ ಇಳಿದವರನ್ನು ಕೆಳಗಿನಿಂದ ಅಪ್ ಏರ್, ಅಪ್ ಸ್ಮ್ಯಾಶ್‌ನಿಂದ ಗೋಳಾಡಿಸುವ ಕ್ಯಾರೆಕ್ಟರ್ ಎದುರಿಗಿದ್ದರೆ ಈ ಕರುಣೆಯೇ ಬಲೆ. ಎದುರಾಳಿ ಗೋಡೆಯಂಥ ಪ್ರೊಜೆಕ್ಟೈಲ್ ಹಾಕುವವರಾದರೆ ಬ್ಯಾಟಲ್‌ಫೀಲ್ಡ್, ಕೆಳಗಿನಿಂದ ಜಗ್ಗುವವರಾದರೆ ಬೇಡ. ಇಷ್ಟು ನೆನಪಿಟ್ಟುಕೊಂಡರೂ ಅರ್ಧ ಕೆಲಸ ಆಯಿತು.

ಸ್ಮಾಲ್ ಬ್ಯಾಟಲ್‌ಫೀಲ್ಡ್ 2020ರಲ್ಲಿ ಅಪ್‌ಡೇಟ್ ಮೂಲಕ ಬಂತು. ಮೇಲಿನ ಪ್ಲಾಟ್‌ಫಾರ್ಮ್ ಇಲ್ಲ, ಪಕ್ಕದ ಎರಡು ಇವೆ. ಅಂಚಿನಿಂದ ಜಿಗಿದವರಿಗೆ ಇಳಿಯುವ ಜಾಗ ಉಳಿಯಿತು, ಮೇಲೆ ಕೂತು ಕಾಲ ಕಳೆಯುವ ಜಾಗ ಹೋಯಿತು. ನನ್ನ ಪ್ರಕಾರ ಈ ಆಟದ ಅತ್ಯಂತ ನ್ಯಾಯದ ಸ್ಟೇಜ್ ಇದು. ಯಾವ ಎದುರಾಳಿ ಅಂತ ಗೊತ್ತಿಲ್ಲದ ಮೊದಲ ಪಂದ್ಯಕ್ಕೆ ಕಣ್ಣುಮುಚ್ಚಿ ಒಪ್ಪಿಕೊಳ್ಳಬಹುದು.

ಪೋಕೆಮಾನ್ ಸ್ಟೇಡಿಯಮ್ 2 ನೋಡಲು ಸ್ಮಾಲ್ ಬ್ಯಾಟಲ್‌ಫೀಲ್ಡ್‌ನ ಅಣ್ಣನಂತೆ ಕಾಣುತ್ತದೆ, ಇದರಲ್ಲೂ ಪ್ಲಾಟ್‌ಫಾರ್ಮ್ ಎರಡೇ. ಇಲ್ಲೇ ಪ್ಲಾಟ್‌ಫಾರ್ಮ್ ಎಣಿಸುವವರು ಮೋಸ ಹೋಗುವುದು. ಇದರ ನೆಲ ಅಗಲ, ಪ್ಲಾಟ್‌ಫಾರ್ಮ್‌ಗಳು ಅಂಚಿನಿಂದ ಸಾಕಷ್ಟು ಒಳಗಿವೆ. ಲೆಡ್ಜ್ ಮತ್ತು ಪ್ಲಾಟ್‌ಫಾರ್ಮ್ ನಡುವೆ ಒಂದು ಬಯಲು ಉಳಿಯುತ್ತದೆ. ಆ ಬಯಲಿನಲ್ಲಿ ನಿಂತವರಿಗೆ ಲೆಡ್ಜ್ ಕಾಯುವುದು ಫೈನಲ್ ಡೆಸ್ಟಿನೇಶನ್‌ನಷ್ಟೇ ಸಲೀಸು. ವೇಗವಾಗಿ ಓಡಿ ಹೊಡೆದು ಓಡಿಹೋಗುವ ಕ್ಯಾರೆಕ್ಟರ್‌ಗಳಿಗೂ ಇಷ್ಟು ಅಗಲ ಒಳ್ಳೆಯದೇ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ: ನೀವು ಹೆಚ್ಚು ಹೊತ್ತು ನೇತಾಡುವವರಾದರೆ ಸ್ಮಾಲ್ ಬ್ಯಾಟಲ್‌ಫೀಲ್ಡ್, ಕಾಯುವವರಾದರೆ ಸ್ಟೇಡಿಯಮ್.

ಸ್ಮ್ಯಾಶ್‌ವಿಲ್ ನನಗೆ ತುಂಬಾ ಇಷ್ಟದ ಸ್ಟೇಜ್. ಇರುವುದು ಒಂದೇ ಪ್ಲಾಟ್‌ಫಾರ್ಮ್, ಅದು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹೋಗುತ್ತಾ ಇರುತ್ತದೆ, ಲೆಡ್ಜ್ ದಾಟಿ ಹೊರಗೂ ಹೋಗುತ್ತದೆ. ಹಾಗಾಗಿ ಅಂಚಿನ ಸ್ವಭಾವ ಕ್ಷಣಕ್ಷಣಕ್ಕೂ ಬದಲು. ಪ್ಲಾಟ್‌ಫಾರ್ಮ್ ನಿಮ್ಮ ಕಡೆ ಇದ್ದಾಗ ನೇತಾಡುವವರಿಗೆ ಬ್ಯಾಟಲ್‌ಫೀಲ್ಡ್, ಆ ಕಡೆ ಇದ್ದಾಗ ಫೈನಲ್ ಡೆಸ್ಟಿನೇಶನ್. ಹೊರಗೆ ಹೋದ ಪ್ಲಾಟ್‌ಫಾರ್ಮ್ ಮೇಲೆ ನಿಂತವರನ್ನು ಹೊಡೆದರೆ ಪಕ್ಕದ ಬ್ಲಾಸ್ಟ್ ಝೋನ್ ಹತ್ತಿರವೇ ಇರುತ್ತದೆ, ಕಡಿಮೆ ಶೇಕಡಾದಲ್ಲೇ ಸ್ಟಾಕ್ ಬೀಳುತ್ತದೆ. ಹೊರಗೆ ಹಾರಿದವರು ಅದರ ಮೇಲೇ ಇಳಿದು ಬದುಕಿಕೊಳ್ಳುವುದೂ ಉಂಟು. ಲೆಡ್ಜ್‌ನಲ್ಲಿ ನೇತಾಡುತ್ತಾ ಪ್ಲಾಟ್‌ಫಾರ್ಮ್ ಬರುವವರೆಗೆ ಒಂದು ಗಳಿಗೆ ಕಾಯುವ ತಾಳ್ಮೆ ಇದ್ದರೆ ಮಾತ್ರ ಇದನ್ನು ಆರಿಸಿ. ಆತುರದವರಿಗೆ ಈ ಸ್ಟೇಜ್ ಕೊಡುವುದೇನೂ ಇಲ್ಲ.

ಕಾಲೋಸ್ ಪೋಕೆಮಾನ್ ಲೀಗ್ ವಿಷಯದಲ್ಲಿ ಅಂಚಿನ ಕೆಳಗೆ ನೋಡಬೇಕು. ಫೈನಲ್ ಡೆಸ್ಟಿನೇಶನ್, ಬ್ಯಾಟಲ್‌ಫೀಲ್ಡ್‌ಗಳ ತಳ ಒಳಕ್ಕೆ ಕಿರಿದಾಗುತ್ತಾ ಹೋಗುತ್ತದೆ. ಕಾಲೋಸ್‌ನಲ್ಲಿ ಅಂಚಿನಿಂದ ಕೆಳಕ್ಕೆ ನೇರ ಗೋಡೆ. ಇದರಿಂದ ಎರಡು ಸಂಗತಿ ಬದಲಾಗುತ್ತವೆ. ಮಾರಿಯೋ, ಫಾಕ್ಸ್, ಶೀಕ್, ಸೇಮಸ್ ಹೀಗೆ ವಾಲ್ ಜಂಪ್ ಇರುವವರಿಗೆ ಕೆಳಗಿನಿಂದ ಬರಲು ಇನ್ನೊಂದು ಮೆಟ್ಟಿಲು ಸಿಕ್ಕಂತೆ. ಅದೇ ಹೊತ್ತಿಗೆ ಗೋಡೆಗೆ ಅಂಟಿಕೊಂಡು ಬರುವವರನ್ನು ಗೋಡೆಗೇ ಬಡಿಯುವಂತೆ ಹೊಡೆದರೆ ಅವರು ಪುಟಿದು ಹೊರಗೆ ಅಥವಾ ಕೆಳಗೆ ಹೋಗುತ್ತಾರೆ. ಇದೇ ಸ್ಟೇಜ್ ಸ್ಪೈಕ್. ತಪ್ಪಿಸಿಕೊಳ್ಳಲು ಗೋಡೆಗೆ ತಾಗುವ ಗಳಿಗೆಗೆ ಸರಿಯಾಗಿ ಶೀಲ್ಡ್ ಬಟನ್ ಒತ್ತಿ ಟೆಕ್ ಮಾಡಬೇಕು, ಅಂದರೆ ಪುಟಿಯದೆ ತಡೆದುಕೊಳ್ಳಬೇಕು. ಅಲ್ಟಿಮೇಟ್‌ನಲ್ಲಿ ಏಟು ತೀರಾ ಜೋರಾಗಿದ್ದರೆ ಟೆಕ್ ಕೂಡ ಆಗುವುದಿಲ್ಲ. ಟೆಕ್ ಮಾಡುವ ಅಭ್ಯಾಸ ಕೈಗೆ ಕೂತಿಲ್ಲ ಅಂದರೆ ಕಾಲೋಸ್ ಸದ್ಯಕ್ಕೆ ಬೇಡ. ಕೂತಿದ್ದರೆ, ಮತ್ತು ನಿಮ್ಮ ಕ್ಯಾರೆಕ್ಟರ್‌ಗೆ ವಾಲ್ ಜಂಪ್ ಇದ್ದರೆ, ಇದು ನಿಮ್ಮ ಗುಟ್ಟಿನ ಆಯುಧ.

ಯೋಶೀಸ್ ಸ್ಟೋರಿಯಲ್ಲಿ ಅಂಚಿನ ಹತ್ತಿರ ನೆಲ ಇಳಿಜಾರಾಗುತ್ತದೆ. ಇಳಿಜಾರಿನಲ್ಲಿ ನಿಂತು ಬೀಸಿದ ಏಟು ಕೆಳಕ್ಕೆ ವಾಲುವುದರಿಂದ ಟೂ ಫ್ರೇಮ್ ಮಾಡುವವರಿಗೆ ಸಹಾಯ. ಸ್ಟೇಜೂ ಚಿಕ್ಕದು. ಹತ್ತಿರ ನಿಂತು ಹೊಡೆಯುವ ಭಾರೀ ಏಟಿನವರು ಇಷ್ಟಪಡುತ್ತಾರೆ.

ಲೈಲ್ಯಾಟ್ ಕ್ರೂಸ್? ಬೇಡ. ಹಜಾರ್ಡ್ ಆಫ್ ಮಾಡಿದರೆ ಹಡಗು ಓಲಾಡುವುದು ನಿಲ್ಲುತ್ತದೆ, ಅದು ಒಳ್ಳೆಯದೇ. ಆದರೆ ಅದರ ಅಂಚಿನ ಆಕಾರ ವಿಚಿತ್ರ, ಕೆಳಗಿನಿಂದ ಸರಿಯಾಗಿಯೇ ಬಂದರೂ ತಳಕ್ಕೆ ತಲೆ ತಾಗಿ ಲೆಡ್ಜ್ ತಪ್ಪುವ ಸಾಧ್ಯತೆ ಬೇರೆಡೆಗಿಂತ ಜಾಸ್ತಿ. ಎದುರಾಳಿ ಮಾಡಿದ್ದರಿಂದ ಸೋಲಬೇಕು, ಅಂಚಿನ ಆಕಾರದಿಂದ ಅಲ್ಲ, ಅಲ್ವಾ? ನಿಮ್ಮ ರಿಕವರಿ ಲೈಲ್ಯಾಟ್‌ನ ಅಂಚಿಗೆ ಚೆನ್ನಾಗಿ ಹೊಂದಿ, ಎದುರಾಳಿಯದ್ದು ಹೊಂದದಿದ್ದರೆ ಮಾತ್ರ ಯೋಚಿಸಿ.

ಮೆಲೀ ಆಡುವವರಿಗೆ

ಇಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಆರು ಸ್ಟೇಜ್: ಬ್ಯಾಟಲ್‌ಫೀಲ್ಡ್, ಫೈನಲ್ ಡೆಸ್ಟಿನೇಶನ್, ಡ್ರೀಮ್ ಲ್ಯಾಂಡ್, ಯೋಶೀಸ್ ಸ್ಟೋರಿ, ಫೌಂಟನ್ ಆಫ್ ಡ್ರೀಮ್ಸ್, ಪೋಕೆಮಾನ್ ಸ್ಟೇಡಿಯಮ್. ಆಟ ಹೆಚ್ಚು ಕಟ್ಟುನಿಟ್ಟಾಗಿರುವುದರಿಂದ ಸ್ಟೇಜ್‌ಗಳ ನಡುವಿನ ವ್ಯತ್ಯಾಸವೂ ಹೆಚ್ಚು ಕಚ್ಚುತ್ತದೆ. ಮೇಲಿನ ಬ್ಲಾಸ್ಟ್ ಝೋನ್ ಒಂದನ್ನೇ ನೋಡಿ. ಆಟದ ಒಳಗಿನ ಅಳತೆಯಲ್ಲಿ ಯೋಶೀಸ್ ಸ್ಟೋರಿಯದ್ದು 168, ಸ್ಟೇಡಿಯಮ್‌ನದ್ದು 180, ಫೈನಲ್ ಡೆಸ್ಟಿನೇಶನ್‌ನದ್ದು 188, ಬ್ಯಾಟಲ್‌ಫೀಲ್ಡ್‌ನದ್ದು 200, ಫೌಂಟನ್‌ನದ್ದು 202.5, ಡ್ರೀಮ್ ಲ್ಯಾಂಡ್‌ನದ್ದು 250. ಫಾಕ್ಸ್‌ನ ಅಪ್ ಸ್ಮ್ಯಾಶ್ ಯೋಶೀಸ್‌ನಲ್ಲಿ ಕೊಲ್ಲುವ ಶೇಕಡಾದಲ್ಲಿ ಡ್ರೀಮ್ ಲ್ಯಾಂಡ್‌ನಲ್ಲಿ ನೀವು ಆರಾಮವಾಗಿ ಬದುಕುತ್ತೀರಿ. ಬದುಕಿ ಮಾಡುವುದೇನು? ಲೆಡ್ಜ್‌ಗೆ ಬರುವುದು. ಅಂದರೆ ಬ್ಲಾಸ್ಟ್ ಝೋನ್ ದೊಡ್ಡದಾದಷ್ಟೂ ಲೆಡ್ಜ್ ಆಟ ಜಾಸ್ತಿ. ರಿಕವರಿ ಚೆನ್ನಾಗಿರುವವರಿಗೆ, ಅದರಲ್ಲೂ ತೇಲುತ್ತಾ ಬರುವ ಪೀಚ್, ಜಿಗ್ಲಿಪಫ್‌ನಂಥವರಿಗೆ, ಡ್ರೀಮ್ ಲ್ಯಾಂಡ್ ಹಬ್ಬ.

ಲೆಡ್ಜ್ ವಿಷಯದಲ್ಲಿ ಮೆಲೀಯ ಎರಡು ಮಾತು ಮರೆಯಬೇಡಿ. ಒಂದು, ನಿಮ್ಮ ಶೇಕಡಾ 100 ಮುಟ್ಟಿದ ಮೇಲೆ ಲೆಡ್ಜ್‌ನಿಂದ ಎದ್ದುಬರುವ ಚಲನೆಗಳು ನಿಧಾನವಾಗುತ್ತವೆ. 95ರಲ್ಲಿ ಇದ್ದ ಧೈರ್ಯವನ್ನು 105ರಲ್ಲಿ ತೋರಿಸಬಾರದು. ಎರಡು, ಲೆಡ್ಜ್‌ಡ್ಯಾಶ್. ಲೆಡ್ಜ್ ಬಿಟ್ಟು, ಕೂಡಲೇ ಡಬಲ್ ಜಂಪ್ ಮಾಡಿ, ಗಾಳಿಯಲ್ಲಿ ಏಟು ತಪ್ಪಿಸುವ ಏರ್ ಡಾಡ್ಜ್‌ನಿಂದ ನೆಲದ ಮೇಲೆ ಜಾರಿ ಬಂದರೆ ಲೆಡ್ಜ್ ಕೊಟ್ಟ ರಕ್ಷಣೆ ಇನ್ನೂ ಸ್ವಲ್ಪ ಉಳಿದಿರುತ್ತದೆ. ಅಷ್ಟು ಹೊತ್ತು ಎದುರಾಳಿ ನಿಮ್ಮನ್ನು ಮುಟ್ಟಲಾರರು, ನೀವು ಅವರನ್ನು ಹೊಡೆಯಬಹುದು. ಇದು ಕೈಗೆ ಬಂದರೆ ಲೆಡ್ಜ್‌ನಲ್ಲಿ ನೇತಾಡುವುದೇ ಒಂದು ಬೆದರಿಕೆ ಆಗುತ್ತದೆ, ಸ್ಟೇಜ್ ಆಯ್ಕೆಯ ಭಯವೂ ಕಡಿಮೆಯಾಗುತ್ತದೆ.

ಚಲಿಸುವ ಭಾಗಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಯೋಶೀಸ್ ಸ್ಟೋರಿಯ ಕೆಳಗೆ ಸುತ್ತುವ ಮೋಡ ರ‍್ಯಾಂಡಲ್‌ಗೆ 20 ಸೆಕೆಂಡಿನ ಸುತ್ತು, ಗಡಿಯಾರ ನೋಡಿಯೇ ಅದು ಎಲ್ಲಿದೆ ಅಂತ ಹೇಳಬಹುದು. ಲೆಡ್ಜ್ ತಪ್ಪಿದವರನ್ನು ಅದು ಉಳಿಸುತ್ತದೆ. ಡ್ರೀಮ್ ಲ್ಯಾಂಡ್‌ನ ಮರ ಊದುವ ಗಾಳಿ ನಿಂತವರನ್ನು ತಳ್ಳುತ್ತದೆ. ಫೌಂಟನ್‌ನ ಪಕ್ಕದ ಪ್ಲಾಟ್‌ಫಾರ್ಮ್‌ಗಳು ಏರಿಳಿಯುತ್ತವೆ, ಒಮ್ಮೊಮ್ಮೆ ಲೆಡ್ಜ್‌ನಿಂದ ಬರುವವರಿಗೆ ಅಡ್ಡವಾಗಿಯೇ ನಿಲ್ಲುತ್ತವೆ.

ಬ್ಯಾನ್ ಮತ್ತು ಸ್ಟ್ರೈಕ್ ಮಾಡುವಾಗ

ಮೊದಲ ಪಂದ್ಯಕ್ಕೆ ಐದು ಸ್ಟೇಜ್‌ಗಳಿದ್ದರೆ ಒಬ್ಬರು ಒಂದನ್ನು ತೆಗೆಯುತ್ತಾರೆ (ಇದೇ ಸ್ಟ್ರೈಕ್), ಇನ್ನೊಬ್ಬರು ಎರಡನ್ನು, ಮತ್ತೆ ಮೊದಲಿನವರು ಒಂದನ್ನು. ಉಳಿದದ್ದರಲ್ಲಿ ಆಟ. ಮುಂದಿನ ಪಂದ್ಯಗಳಲ್ಲಿ ಗೆದ್ದವರು ಬ್ಯಾನ್ ಮಾಡುತ್ತಾರೆ, ಸೋತವರು ಆರಿಸುತ್ತಾರೆ. ಡಿಎಸ್ಆರ್ ನಿಯಮ ಇರುವಲ್ಲಿ ನೀವು ಈಗಾಗಲೇ ಗೆದ್ದ ಸ್ಟೇಜ್‌ಗೆ ಮತ್ತೆ ಹೋಗುವಂತಿಲ್ಲ. ಅದಕ್ಕೇ ಒಂದೇ ಸ್ಟೇಜನ್ನು ನೆಚ್ಚಿಕೊಂಡರೆ ಐದು ಪಂದ್ಯದ ಸೆಟ್‌ನಲ್ಲಿ ಕೈಕೊಡುತ್ತದೆ. ಕನಿಷ್ಠ ಎರಡು ಒಳ್ಳೆಯ ಸ್ಟೇಜ್ ನಿಮಗೆ ಗೊತ್ತಿರಬೇಕು, ಅವೆರಡರ ಅಂಚೂ ಬೇರೆ ಬೇರೆ ಬಗೆಯದ್ದಾಗಿದ್ದರೆ ಇನ್ನೂ ಒಳ್ಳೆಯದು.

ಬ್ಯಾನ್ ಮಾಡುವಾಗ ನಿಮಗೆ ಇಷ್ಟವಿಲ್ಲದ ಸ್ಟೇಜ್ ತೆಗೆಯುವುದು ಸಹಜ ಆಸೆ. ಅದಕ್ಕಿಂತ, ಹಿಂದಿನ ಪಂದ್ಯದಲ್ಲಿ ನಿಮ್ಮ ಸ್ಟಾಕ್‌ಗಳು ಹೋದದ್ದು ಹೇಗೆ ಅಂತ ನೆನೆಸಿಕೊಳ್ಳಿ. ಲೆಡ್ಜ್‌ನಿಂದ ಎದ್ದುಬರುವಾಗಲೇ ಹೋಗಿದ್ದರೆ ಬಯಲಿನ ಅಂಚಿರುವ ಸ್ಟೇಜ್‌ಗಳನ್ನು ತೆಗೆಯಿರಿ. ಪ್ಲಾಟ್‌ಫಾರ್ಮ್ ಮೇಲೆ ಸಿಕ್ಕಿಬಿದ್ದು ಮೇಲಕ್ಕೆ ಹೋಗಿದ್ದರೆ ಬ್ಯಾಟಲ್‌ಫೀಲ್ಡ್ ತೆಗೆಯಿರಿ. ಗೋಡೆಗೆ ಬಡಿದು ಹೋಗಿದ್ದರೆ ಕಾಲೋಸ್. ಅಲ್ಟಿಮೇಟ್ ಟೂರ್ನಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಮೂರೇ ಸ್ಟಾಕ್, ಹಾಗಾಗಿ ನೆನಪಿಡಬೇಕಾದ ಸಾವುಗಳೂ ಮೂರೇ.

ಟೂರ್ನಮೆಂಟ್ ಅಲ್ಲ, ಗೆಳೆಯರ ಜೊತೆ ಆಡುವುದಷ್ಟೇ ಅಂದರೆ ಒಮೆಗಾ (ಫೈನಲ್ ಡೆಸ್ಟಿನೇಶನ್‌ನಂಥ ಬಯಲು) ಮತ್ತು ಬ್ಯಾಟಲ್‌ಫೀಲ್ಡ್ ರೂಪಗಳನ್ನು ಬಳಸಿ. ಅಲ್ಟಿಮೇಟ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ಸ್ಟೇಜ್‌ಗೂ ಈ ಎರಡು ರೂಪ ಇವೆ, ಹಿನ್ನೆಲೆ ಬೇರೆಯಾದರೂ ಅಂಚಿನ ಆಕಾರ ಒಂದೇ. 2014ರ ಆಟದಲ್ಲಿ ಹೀಗಿರಲಿಲ್ಲ, ಕೆಲವು ಒಮೆಗಾ ಸ್ಟೇಜ್‌ಗಳಿಗೆ ಕೆಳಗಿನವರೆಗೂ ಗೋಡೆ ಇತ್ತು, ಕೆಲವಕ್ಕೆ ಇರಲಿಲ್ಲ. ಹೊಸಬರು ಲೆಡ್ಜ್ ಕಲಿಯುವ ಹಂತದಲ್ಲಿ ಒಂದೇ ಆಕಾರದ ಅಂಚು ಸಿಗುವುದು ದೊಡ್ಡ ಅನುಕೂಲ.

ಕೊನೆಗೆ, ನಿರ್ಧಾರವನ್ನು ಓದಿದ್ದರ ಮೇಲೆ ಮಾತ್ರ ಬಿಡಬೇಡಿ. ಟ್ರೈನಿಂಗ್ ಮೋಡ್‌ಗೆ ಹೋಗಿ, ನಿಮ್ಮ ಕ್ಯಾರೆಕ್ಟರ್ ತೆಗೆದುಕೊಂಡು, ಒಂದೊಂದು ಸ್ಟೇಜ್‌ನಲ್ಲೂ ಮೂರು ಕಡೆಯಿಂದ ವಾಪಸ್ ಬನ್ನಿ: ಅಂಚಿಗಿಂತ ಮೇಲಿನಿಂದ, ಅಂಚಿನ ನೇರಕ್ಕೆ, ತೀರಾ ಕೆಳಗಿನಿಂದ. ನಂತರ ಲೆಡ್ಜ್ ಹಿಡಿದು ಆರೂ ದಾರಿಯಲ್ಲಿ ಮೇಲೆ ಬನ್ನಿ. ಲೆಡ್ಜ್ ಜಂಪ್ ಮಾಡಿದಾಗ ಪ್ಲಾಟ್‌ಫಾರ್ಮ್ ಮೇಲೆ ಇಳಿಯಲು ಆಗುತ್ತದೋ ಇಲ್ಲವೋ, ರೋಲ್ ಎಲ್ಲಿ ಮುಗಿಯುತ್ತದೆ, ಕೆಳಗಿನಿಂದ ಬರುವಾಗ ತಲೆ ಎಲ್ಲಾದರೂ ತಾಗುತ್ತದೋ ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಎಲ್ಲಿ ಹೆಚ್ಚು ಸಲ ತಡವರಿಸಿದಿರೋ ಆ ಎರಡು ಸ್ಟೇಜ್ ನಿಮ್ಮ ಬ್ಯಾನ್.